ಲಾಲ್‌ಬಾಗ್ ಬಂಡೆಗೆ 300 ಕೋಟಿ ವರ್ಷ. ಸಮುದ್ರದ ತಳಕ್ಕೇಕೆ 20 ಕೋಟಿಯೂ ಇಲ್ಲ?

2025ರ ಜುಲೈ 30ರಂದು ರಷ್ಯಾದ ಪೂರ್ವ ಅಂಚಿನ ಕಾಮ್ಚಾಟ್ಕಾ ಕರಾವಳಿಯಾಚೆ 8.8 ತೀವ್ರತೆಯ ಭೂಕಂಪವಾಯಿತು. ಜಪಾನ್, ಹವಾಯಿ ಮಾತ್ರವಲ್ಲ, ಸಾಗರದ ಇನ್ನೊಂದು ದಡದಲ್ಲಿರುವ ದಕ್ಷಿಣ ಅಮೆರಿಕದ ತೀರಕ್ಕೂ ಸುನಾಮಿ ಎಚ್ಚರಿಕೆ ಹೋಯಿತು. ಪೆಸಿಫಿಕ್ ಫಲಕ, ಸಾಗರ ಕಂದಕ, ಒಂದರಡಿ ಇನ್ನೊಂದು ನುಗ್ಗುವುದು ಎಂಬ ಮಾತುಗಳು ಆ ವಾರವೆಲ್ಲ ಸುದ್ದಿಯಲ್ಲಿದ್ದವು. ಹೈಸ್ಕೂಲಿನ ಪಠ್ಯದಲ್ಲಿಯೂ ಇವೆಲ್ಲ ಬರುತ್ತವೆ. ಆದರೆ ಬಾಯಿಪಾಠಕ್ಕೆ ಒದಗುವ ಬಿಡಿಬಿಡಿ ವ್ಯಾಖ್ಯೆಗಳಾಗಿ ಬರುತ್ತವೆಯಾದ್ದರಿಂದ ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ ಎಂಬುದು ಅನೇಕರಿಗೆ ತಿಳಿಯುವುದೇ ಇಲ್ಲ.

ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಹೊರಟರೆ ದಾರಿ ಸುಲಭ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರ ನಿಂತಿರುವ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಭೂಮಿಯ ವಯಸ್ಸು ಸುಮಾರು 460 ಕೋಟಿ ವರ್ಷ. ಸಮುದ್ರಗಳೂ ಬಹಳ ಹಿಂದಿನಿಂದ ಇವೆ. ಹಾಗಿದ್ದರೆ ಸಮುದ್ರದ ತಳದ ಕಲ್ಲೂ ಅಷ್ಟೇ ಹಳೆಯದಾಗಿರಬೇಕಲ್ಲವೇ? ಎಷ್ಟು ಕಡೆ ಕೊರೆದು ನೋಡಿದರೂ ತಳದ ಕಲ್ಲಿಗೆ ಸಿಗುವ ವಯಸ್ಸು 18 ಕೋಟಿ ವರ್ಷದ ಆಸುಪಾಸಿಗೆ ನಿಂತುಬಿಡುತ್ತದೆ. ಅತಿ ಹಳೆಯ ಭಾಗ ಪಶ್ಚಿಮ ಪೆಸಿಫಿಕ್‌ನಲ್ಲಿದೆ. ಪೂರ್ವ ಮೆಡಿಟರೇನಿಯನ್ ಸಮುದ್ರದಡಿಯ ಒಂದು ತುಣುಕು ಅದಕ್ಕಿಂತ ಹಳೆಯದಿರಬಹುದು ಎಂಬ ಚರ್ಚೆ ನಡೆದಿದೆ; ಅದನ್ನು ಬಿಟ್ಟರೆ ಇಡೀ ಸಾಗರತಳ ಭೂಮಿಯ ಲೆಕ್ಕದಲ್ಲಿ ಎಳೆಯದು. ಹಳೆಯದೆಲ್ಲ ಎಲ್ಲಿ ಹೋಯಿತು?

ಮೊದಲು ಭೂಮಿಯ ಪದರಗಳು

ಭೂಮಿಯ ಹೊರಪದರ ಭೂಕವಚ. ಸಾಗರದಡಿಯಲ್ಲಿ ಇದರ ದಪ್ಪ ಕೇವಲ 7 ಕಿಲೋಮೀಟರ್‌ನಷ್ಟು. ಖಂಡಗಳಡಿಯಲ್ಲಿ ಸರಾಸರಿ 35–40 ಕಿಲೋಮೀಟರ್. ಹಿಮಾಲಯದಂಥ ಕಡೆ ಇನ್ನೂ ಹೆಚ್ಚು. ದಪ್ಪ ಮಾತ್ರವಲ್ಲ, ಕಲ್ಲೇ ಬೇರೆ. ಸಾಗರದಡಿ ಇರುವುದು ಕಪ್ಪು ಬಸಾಲ್ಟ್, ಅದರ ಸಾಂದ್ರತೆ ನೀರಿನ ಸುಮಾರು 3 ಪಟ್ಟು. ಖಂಡಗಳಲ್ಲಿ ಹೆಚ್ಚಾಗಿರುವುದು ಗ್ರಾನೈಟಿನ ಜಾತಿಯ ಕಲ್ಲು, ಅದರ ಸಾಂದ್ರತೆ 2.7 ಪಟ್ಟು. ಈ 0.3ರ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ. ಮುಂದಿನ ಕಥೆ ಬಹುಪಾಲು ಇದರ ಮೇಲೆಯೇ ನಿಂತಿದೆ.

ಕವಚದ ಕೆಳಗೆ ಮ್ಯಾಂಟಲ್. ಅದು ಕುದಿಯುವ ಲಾವಾರಸದ ಸಮುದ್ರ ಎಂದು ಎಷ್ಟೋ ವಿದ್ಯಾರ್ಥಿಗಳು ತಿಳಿದಿರುತ್ತಾರೆ. ಅದು ತಪ್ಪು. ಮ್ಯಾಂಟಲ್ ಘನ ಶಿಲೆಯೇ. ಆದರೆ ವಿಪರೀತ ಕಾವಿನಲ್ಲಿರುವುದರಿಂದ ಲಕ್ಷಾಂತರ ವರ್ಷಗಳ ಅವಧಿಯಲ್ಲಿ, ಒಡೆಯದೆ, ವರ್ಷಕ್ಕೆ ಕೆಲವು ಸೆಂಟಿಮೀಟರ್‌ನಂತೆ ಹರಿಯಬಲ್ಲದು.

ಭೂಕವಚವೂ ಮ್ಯಾಂಟಲಿನ ಮೇಲ್ಭಾಗದ ಗಡುಸಾದ ಪಟ್ಟಿಯೂ ಸೇರಿ ಒಂದೇ ಹಲಗೆಯಾಗಿ ಚಲಿಸುತ್ತವೆ. ಈ ಜೋಡಿಗೆ ಶಿಲಾಗೋಳ ಎಂದು ಹೆಸರು. ದಪ್ಪ ಸುಮಾರು 100 ಕಿಲೋಮೀಟರ್. ಶಿಲಾಗೋಳ ಅಖಂಡವಾಗಿಲ್ಲ, ಏಳೆಂಟು ದೊಡ್ಡ ತುಂಡುಗಳಾಗಿಯೂ ಹಲವು ಸಣ್ಣ ತುಂಡುಗಳಾಗಿಯೂ ಒಡೆದಿದೆ. ಆ ಒಂದೊಂದು ತುಂಡೇ ಒಂದೊಂದು ಭೂಫಲಕ. ಚಲಿಸುವುದು ಖಂಡವಲ್ಲ, ಫಲಕ. ಖಂಡ ಅದರ ಮೇಲೆ ಕುಳಿತಿದೆ, ಅಷ್ಟೇ. ಭಾರತೀಯ ಫಲಕದ ಮೇಲೆ ನಮ್ಮ ನೆಲವಿರುವಂತೆ ಅರಬ್ಬೀ ಸಮುದ್ರದ ಮತ್ತು ಬಂಗಾಳ ಕೊಲ್ಲಿಯ ಬಹುಭಾಗವೂ ಇದೆ.

ವೆಗೆನರ್ ಬಳಿ ಇಲ್ಲದಿದ್ದ ಉತ್ತರ

ಜರ್ಮನಿಯ ಹವಾಮಾನ ವಿಜ್ಞಾನಿ ಆಲ್ಫ್ರೆಡ್ ವೆಗೆನರ್ 1912ರಲ್ಲಿ, ಖಂಡಗಳೆಲ್ಲ ಹಿಂದೆ ಒಂದಾಗಿದ್ದು ಆಮೇಲೆ ದೂರ ಸರಿದಿವೆ ಎಂದರು. ದಕ್ಷಿಣ ಅಮೆರಿಕ, ಆಫ್ರಿಕಗಳ ಅಂಚುಗಳ ಹೊಂದಾಣಿಕೆಯಷ್ಟೇ ಅವರ ಆಧಾರವಾಗಿರಲಿಲ್ಲ. ಗ್ಲಾಸಾಪ್ಟೆರಿಸ್ ಎಂಬ ಒಂದೇ ಬಗೆಯ ಪ್ರಾಚೀನ ಸಸ್ಯದ ಪಳೆಯುಳಿಕೆ ಭಾರತದಲ್ಲಿಯೂ ಆಫ್ರಿಕ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಗಳಲ್ಲಿಯೂ ಸಿಕ್ಕಿತ್ತು. ಆದರೆ ಖಂಡಗಳನ್ನು ದೂಡುವ ಶಕ್ತಿ ಯಾವುದು ಎಂಬ ಪ್ರಶ್ನೆಗೆ ಅವರ ಬಳಿ ಒಪ್ಪುವಂಥ ಉತ್ತರವಿರಲಿಲ್ಲ. ಖಂಡಗಳು ಸಾಗರತಳವನ್ನು ಸೀಳಿಕೊಂಡು ಹೋಗುತ್ತವೆ ಎಂಬ ಚಿತ್ರಣವನ್ನು ಭೌತವಿಜ್ಞಾನಿಗಳು ತಳ್ಳಿಹಾಕಿದರು. ಅವರ ಆ ಆಕ್ಷೇಪ ಸರಿಯಾಗಿಯೇ ಇತ್ತು. 1930ರಲ್ಲಿ ವೆಗೆನರ್ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ತೀರಿಕೊಂಡರು. ಬೇಕಾಗಿದ್ದ ಸಾಕ್ಷ್ಯ ನೀರಿನಡಿ ಇತ್ತು, ಅದನ್ನು ನೋಡುವ ಉಪಕರಣ ಆಗಿನ್ನೂ ವ್ಯಾಪಕವಾಗಿ ಬಳಕೆಗೆ ಬಂದಿರಲಿಲ್ಲ.

ಹಡಗು ಹತ್ತುವ ಅವಕಾಶವಿಲ್ಲದವರು ಬರೆದ ನಕ್ಷೆ

ಎರಡನೇ ಮಹಾಯುದ್ಧದ ಹೊತ್ತಿಗೆ ಹಡಗುಗಳಿಗೆ ಪ್ರತಿಧ್ವನಿ ಮಾಪಕ ಬಂದಿತ್ತು. ಹಡಗಿನಿಂದ ಶಬ್ದದ ಅಲೆಯನ್ನು ಕೆಳಗೆ ಬಿಡುವುದು, ತಳಕ್ಕೆ ತಾಗಿ ಅದು ಮರಳಲು ಹಿಡಿದ ಸಮಯದಿಂದ ಆಳವನ್ನು ಲೆಕ್ಕ ಹಾಕುವುದು. ಹಡಗು ಸಾಗಿದಂತೆ ಅದರ ದಾರಿಯುದ್ದಕ್ಕೂ ತಳದ ಏರಿಳಿತದ ಒಂದು ಗೆರೆ ಸಿಗುತ್ತದೆ.

ಅಂಥ ಸಾವಿರಾರು ಅಂಕಿಗಳನ್ನು ನ್ಯೂಯಾರ್ಕ್ ಬಳಿಯ ಲ್ಯಾಮಾಂಟ್ ಸಂಶೋಧನಾಲಯದಲ್ಲಿ ಕುಳಿತು ನಕ್ಷೆಗೆ ಇಳಿಸುತ್ತಿದ್ದವರು ಮೇರಿ ಥಾರ್ಪ್. ಹೆಂಗಸರಿಗೆ ಆಗ ಸಂಶೋಧನಾ ಹಡಗಿನಲ್ಲಿ ಪ್ರವೇಶವಿರಲಿಲ್ಲ. ಅವರ ಸಹೋದ್ಯೋಗಿ ಬ್ರೂಸ್ ಹೀಜನ್ ಸಮುದ್ರದಿಂದ ಅಂಕಿಗಳನ್ನು ತರುವುದು, ಥಾರ್ಪ್ ಅವನ್ನು ಬಿಡಿಸುವುದು, ಹೀಗೆ ಕೆಲಸ ಸಾಗುತ್ತಿತ್ತು. 1952ರ ಸುಮಾರಿಗೆ ಉತ್ತರ ಅಟ್ಲಾಂಟಿಕ್ ಅನ್ನು ಅಡ್ಡಲಾಗಿ ದಾಟಿದ ಆರು ಗೆರೆಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದಾಗ, ಸಾಗರದ ನಡುವಿನ ಪರ್ವತ ಶ್ರೇಣಿಯ ನೆತ್ತಿಯಲ್ಲಿ ಪ್ರತಿ ಗೆರೆಯಲ್ಲಿಯೂ ಒಂದು ಆಳವಾದ ಕಚ್ಚು ಅವರಿಗೆ ಕಂಡಿತು. ಬೆಟ್ಟಗಳ ಆಕಾರ ಗೆರೆಯಿಂದ ಗೆರೆಗೆ ಬೇರೆ. ಕಚ್ಚು ಮಾತ್ರ ಎಲ್ಲದರಲ್ಲಿಯೂ ಅದೇ ಜಾಗದಲ್ಲಿ. ಶ್ರೇಣಿಯ ಉದ್ದಕ್ಕೂ ಒಂದು ಸೀಳು ಕಣಿವೆ ಇದೆ, ನೆಲ ಅಲ್ಲಿ ಎರಡು ಕಡೆಗೆ ಬಿರಿಯುತ್ತಿದೆ ಎಂದು ಅವರು ಹೇಳಿದರು. ಹೀಜನ್ ಅದನ್ನು ಹುಡುಗಿಯರ ಹರಟೆ ಎಂದು ತಳ್ಳಿಹಾಕಿದರು.

ಅದೇ ಕೋಣೆಯಲ್ಲಿ ಇನ್ನೊಬ್ಬರು ಸಾಗರದಡಿಯ ಭೂಕಂಪಗಳ ಕೇಂದ್ರಗಳನ್ನು ಅದೇ ಅಳತೆಯ ನಕ್ಷೆಯಲ್ಲಿ ಗುರುತಿಸುತ್ತಿದ್ದರು. ಕೆಳಗಿನಿಂದ ಬೆಳಕು ಹಾಯಿಸಿದ ಮೇಜಿನ ಮೇಲೆ ಎರಡು ನಕ್ಷೆಗಳನ್ನೂ ಒಂದರ ಮೇಲೊಂದು ಇಟ್ಟಾಗ ಭೂಕಂಪದ ಚುಕ್ಕಿಗಳು ಥಾರ್ಪ್ ತೋರಿಸಿದ ಕಣಿವೆಯೊಳಗೇ ಸಾಲಾಗಿ ಕುಳಿತವು. ಹೀಜನ್ ಒಪ್ಪಲೇಬೇಕಾಯಿತು. ಈ ಶ್ರೇಣಿ ಅಟ್ಲಾಂಟಿಕ್‌ಗೆ ಮಾತ್ರ ಸೀಮಿತವಲ್ಲ, ಎಲ್ಲ ಸಾಗರಗಳ ತಳದಲ್ಲಿಯೂ ಹಾದು ಸುಮಾರು 65,000 ಕಿಲೋಮೀಟರ್ ಉದ್ದವಿದೆ ಎಂಬುದು ಆಮೇಲೆ ಸ್ಪಷ್ಟವಾಯಿತು. ಭೂಮಿಯ ಅತಿ ಉದ್ದದ ಪರ್ವತ ಸಾಲು ಇದೇ, ಆದರೆ ಐಸ್‌ಲ್ಯಾಂಡಿನಂಥ ಕೆಲವೇ ಕಡೆ ನೀರಿನಿಂದ ಮೇಲೆ ತಲೆಯೆತ್ತಿದೆ.

ಬಿರುಕಿನಲ್ಲಿ ಆಗುವುದೇನು

1962ರಲ್ಲಿ ಅಮೆರಿಕದ ಭೂವಿಜ್ಞಾನಿ ಹ್ಯಾರಿ ಹೆಸ್ ಎಳೆಗಳನ್ನು ಕೂಡಿಸಿದರು. ಯುದ್ಧಕಾಲದಲ್ಲಿ ಅವರು ನೌಕಾಪಡೆಯ ಹಡಗೊಂದರ ಕ್ಯಾಪ್ಟನ್ ಆಗಿದ್ದಾಗ ಪ್ರತಿಧ್ವನಿ ಮಾಪಕವನ್ನು ಆರಿಸದೆ ಇಟ್ಟು ಪೆಸಿಫಿಕ್‌ನ ತಳವನ್ನು ದಾಖಲಿಸಿದ್ದರು. ಮಧ್ಯದ ಶ್ರೇಣಿಯಲ್ಲಿ ಹೊಸ ತಳ ಹುಟ್ಟಿ ಎರಡೂ ಬದಿಗೆ ಸರಿಯುತ್ತದೆ, ಆಳವಾದ ಕಂದಕಗಳಲ್ಲಿ ಹಳೆಯ ತಳ ಮತ್ತೆ ಒಳಗಿಳಿಯುತ್ತದೆ ಎಂಬುದು ಅವರ ವಾದ. ಸಾಗರತಳ ವಿಸ್ತರಣೆ ಎಂಬ ಹೆಸರನ್ನು ಇನ್ನೊಬ್ಬ ಅಮೆರಿಕನ್ ವಿಜ್ಞಾನಿ ರಾಬರ್ಟ್ ಡೀಟ್ಜ್ 1961ರಲ್ಲಿಯೇ ಬಳಸಿದ್ದರು.

ಹುಟ್ಟುವ ಬಗೆ ಹೀಗೆ. ಎರಡು ಫಲಕಗಳು ದೂರ ಸರಿದಾಗ ಅವುಗಳ ನಡುವಿನ ತೆರವಿಗೆ ಕೆಳಗಿನ ಬಿಸಿ ಮ್ಯಾಂಟಲ್ ಶಿಲೆ ಏರಿ ಬರುತ್ತದೆ. ಆಳದಲ್ಲಿ ಅದನ್ನು ಕರಗದಂತೆ ತಡೆದಿದ್ದದ್ದು ಮೇಲಿನ ಒತ್ತಡ. ಏರುತ್ತಾ ಬಂದಂತೆ ಒತ್ತಡ ತಗ್ಗುತ್ತದೆ, ಕರಗುವ ಉಷ್ಣತೆಯೂ ತಗ್ಗುತ್ತದೆ. ಹೊಸದಾಗಿ ಯಾರೂ ಕಾಯಿಸದಿದ್ದರೂ ಶಿಲೆಯ ಒಂದಂಶ ಕರಗಿ ಶಿಲಾಪಾಕವಾಗುತ್ತದೆ. ಸುಮಾರು 1,200 ಡಿಗ್ರಿ ಸೆಲ್ಸಿಯಸ್ ಕಾವಿನ ಆ ಪಾಕ ಬಿರುಕಿನಲ್ಲಿ ಉಕ್ಕಿ, ಹೆಚ್ಚುಕಡಿಮೆ ಹೆಪ್ಪುಗಟ್ಟುವಷ್ಟು ತಣ್ಣಗಿರುವ ಆಳಸಮುದ್ರದ ನೀರಿಗೆ ತಾಗಿ ಗಟ್ಟಿಯಾಗುತ್ತದೆ. ಆಗ ಹುಟ್ಟುವುದು ಬಸಾಲ್ಟ್. ಮುಂದಿನ ಬಿರುಕು ಈ ಹೊಸ ಕಲ್ಲಿನ ಮಧ್ಯದಲ್ಲಿಯೇ ಬೀಳುತ್ತದೆ. ಅರ್ಧ ಆ ಕಡೆ, ಅರ್ಧ ಈ ಕಡೆ.

ಬಿಸಿಯಾಗಿರುವಾಗ ಶಿಲೆ ಹಿಗ್ಗಿರುತ್ತದೆ, ಅದಕ್ಕೇ ಶ್ರೇಣಿ ಎತ್ತರವಾಗಿದೆ. ಅಲ್ಲಿ ನೀರಿನ ಆಳ ಸುಮಾರು 2.5 ಕಿಲೋಮೀಟರ್. ದೂರ ಸರಿದಂತೆ ತಣಿದು, ಕುಗ್ಗಿ, ಭಾರವಾಗಿ ತಳ ಇಳಿಯುತ್ತದೆ. ಹತ್ತಾರು ಕೋಟಿ ವರ್ಷ ಹಳೆಯದಾದ ತಳದ ಮೇಲೆ ನೀರು 5.5–6 ಕಿಲೋಮೀಟರ್ ಆಳವಿರುತ್ತದೆ.

ಅರಬ್ಬೀ ಸಮುದ್ರದಡಿ ಸಿಕ್ಕ ಪುರಾವೆ

ಹೆಸ್ ಹೇಳಿದ್ದು ಅಂದವಾದ ಊಹೆ. ಅದನ್ನು ಅಳೆದು ತೋರಿಸುವ ದಾರಿ ಬೇಕಿತ್ತು, ಅದು ಬಂದದ್ದು ಕಾಂತತ್ವದಿಂದ.

ಬಸಾಲ್ಟಿನಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಕಣಗಳಿವೆ. ಕಾವು ಸುಮಾರು 580 ಡಿಗ್ರಿಗಿಂತ ಹೆಚ್ಚಿರುವಾಗ ಅವಕ್ಕೆ ಸ್ಥಿರವಾದ ಕಾಂತದಿಕ್ಕು ಇರುವುದಿಲ್ಲ. ಅದಕ್ಕಿಂತ ತಣಿದಾಗ, ಆ ಕ್ಷಣದಲ್ಲಿ ಭೂಮಿಯ ಕಾಂತಕ್ಷೇತ್ರ ಯಾವ ಕಡೆಗಿತ್ತೋ ಆ ಕಡೆಗೆ ಅವುಗಳ ಕಾಂತತ್ವ ನಿಂತುಬಿಡುತ್ತದೆ. ಕಲ್ಲು ಮತ್ತೆ ಅಷ್ಟು ಕಾಯದ ಹೊರತು ಈ ಗುರುತು ಅಳಿಯುವುದಿಲ್ಲ.

ಇದರ ಜೊತೆಗೆ ಇನ್ನೊಂದು ಸಂಗತಿ ಸೇರಿಸಿ. ಭೂಮಿಯ ಉತ್ತರ, ದಕ್ಷಿಣ ಕಾಂತಧ್ರುವಗಳು ಆಗೊಮ್ಮೆ ಈಗೊಮ್ಮೆ ಅದಲುಬದಲಾಗುತ್ತವೆ. ಇದಕ್ಕೆ ನಿಯತ ಕಾಲವಿಲ್ಲ. ಫ್ರಾನ್ಸಿನ ಬರ್ನಾರ್ ಬ್ರುನ್ 1906ರಲ್ಲಿ ತಿರುಗುಮುರುಗು ಕಾಂತತ್ವದ ಕಲ್ಲನ್ನು ಕಂಡಿದ್ದರು, ಜಪಾನಿನ ಮೊಟೊನೊರಿ ಮತುಯಾಮ 1929ರಲ್ಲಿ ಅದನ್ನು ಇನ್ನಷ್ಟು ದೃಢಪಡಿಸಿದರು. ಕೊನೆಯ ಬಾರಿ ಧ್ರುವಗಳು ಬದಲಾದದ್ದು ಸುಮಾರು 7.8 ಲಕ್ಷ ವರ್ಷಗಳ ಹಿಂದೆ.

1962ರಲ್ಲಿ ಬ್ರಿಟನ್ನಿನ ‘ಓವನ್’ ಎಂಬ ಸಮೀಕ್ಷಾ ಹಡಗು ನಮ್ಮ ಅರಬ್ಬೀ ಸಮುದ್ರದ ಆಚೆಬದಿಯಲ್ಲಿ ಕಾಂತಮಾಪಕ ಹಿಡಿದು ಓಡಾಡಿತು. ಅಲ್ಲಿ ತಳದಲ್ಲಿ ಇರುವುದು ಕಾರ್ಲ್ಸ್‌ಬರ್ಗ್ ಶ್ರೇಣಿ. ಭಾರತೀಯ ಫಲಕಕ್ಕೂ ಆಫ್ರಿಕದ ಕಡೆಯ ಫಲಕಕ್ಕೂ ಅದೇ ಗಡಿ. 1928–30ರ ಡೆನ್ಮಾರ್ಕಿನ ಸಮುದ್ರಯಾನಕ್ಕೆ ಹಣ ಒದಗಿಸಿದ ಪ್ರತಿಷ್ಠಾನದ ಹೆಸರು ಅದಕ್ಕೆ ಅಂಟಿಕೊಂಡಿದೆ. ಕೇಂಬ್ರಿಜ್‌ನ ಡ್ರಮಂಡ್ ಮ್ಯಾಥ್ಯೂಸ್ ತಂದ ಈ ಅಂಕಿಗಳನ್ನು ಅವರ ವಿದ್ಯಾರ್ಥಿ ಫ್ರೆಡ್ ವೈನ್ ಬಿಡಿಸಿ ನೋಡಿದರು. ಅಕ್ಕಪಕ್ಕದ ಎರಡು ಮುಳುಗಿದ ಬೆಟ್ಟಗಳಲ್ಲಿ ಒಂದರ ಕಾಂತತ್ವ ಇಂದಿನ ದಿಕ್ಕಿನಲ್ಲಿತ್ತು, ಇನ್ನೊಂದರದು ಹೆಚ್ಚುಕಡಿಮೆ ತಿರುವುಮುರುವಾಗಿತ್ತು. ಶ್ರೇಣಿಯಲ್ಲಿ ಸತತವಾಗಿ ಹೊಸ ತಳ ಹುಟ್ಟಿ ಸರಿಯುತ್ತಿರುವುದು ನಿಜವಾದರೆ, ಮತ್ತು ಧ್ರುವಗಳು ನಡುನಡುವೆ ಬದಲಾಗಿರುವುದೂ ನಿಜವಾದರೆ, ಶ್ರೇಣಿಗೆ ಸಮಾನಾಂತರವಾಗಿ ನೇರ, ತಿರುಗು, ನೇರ, ತಿರುಗು ಎಂಬಂತೆ ಪಟ್ಟೆಗಳಿರಬೇಕು. ಎರಡೂ ಬದಿಯಲ್ಲಿ ಒಂದೇ ಕ್ರಮದಲ್ಲಿರಬೇಕು. ಇದನ್ನೇ ಅವರಿಬ್ಬರೂ 1963ರಲ್ಲಿ ಪ್ರಕಟಿಸಿದರು. ಕೆನಡಾದ ಲಾರೆನ್ಸ್ ಮಾರ್ಲಿ ಅದೇ ವರ್ಷ ಸ್ವತಂತ್ರವಾಗಿ ಇದೇ ತೀರ್ಮಾನಕ್ಕೆ ಬಂದಿದ್ದರು, ಅವರ ಬರಹವನ್ನು ಎರಡು ಪತ್ರಿಕೆಗಳು ಹಿಂದಿರುಗಿಸಿದ್ದವು.

1960ರ ದಶಕದ ಮಧ್ಯದಲ್ಲಿ ‘ಎಲ್ಟಾನಿನ್’ ಹಡಗು ದಕ್ಷಿಣ ಪೆಸಿಫಿಕ್‌ನಲ್ಲಿ ದಾಖಲಿಸಿದ ಕಾಂತತ್ವದ ಗೆರೆಯೊಂದು ಎಷ್ಟು ಸಮವಾಗಿತ್ತೆಂದರೆ ಅದನ್ನು ನಡುವೆ ಮಡಿಸಿದರೆ ಎರಡು ಅರ್ಧಗಳೂ ಒಂದರ ಮೇಲೊಂದು ಕೂರುತ್ತಿದ್ದವು. 1968ರಲ್ಲಿ ‘ಗ್ಲೋಮರ್ ಚಾಲೆಂಜರ್’ ಹಡಗು ದಕ್ಷಿಣ ಅಟ್ಲಾಂಟಿಕ್‌ನ ತಳವನ್ನೇ ಸಾಲಾಗಿ ಕೊರೆಯಿತು: ಶ್ರೇಣಿಯಿಂದ ದೂರ ಹೋದಷ್ಟೂ ಬಸಾಲ್ಟಿನ ಮೇಲೆ ಮೊದಲು ಕುಳಿತ ಕೆಸರಿನ ವಯಸ್ಸು ಹೆಚ್ಚುತ್ತಾ ಹೋಯಿತು. ಅಲ್ಲಿಗೆ ವಾದ ಮುಗಿಯಿತು ಎನ್ನಬಹುದು.

ಈ ಪಟ್ಟೆಗಳಿಂದ ವೇಗವನ್ನು ನೀವೇ ಲೆಕ್ಕ ಹಾಕಬಹುದು. 7.8 ಲಕ್ಷ ವರ್ಷದ ಗುರುತಿನ ಗೆರೆ ಶ್ರೇಣಿಯಿಂದ 10 ಕಿಲೋಮೀಟರ್ ದೂರದಲ್ಲಿದೆ ಎಂದುಕೊಳ್ಳಿ. 10 ಕಿಲೋಮೀಟರ್ ಎಂದರೆ 10,00,000 ಸೆಂಟಿಮೀಟರ್. ಅದನ್ನು 7,80,000ದಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು 1.3 ಸೆಂಟಿಮೀಟರ್. ಇನ್ನೊಂದು ಬದಿಯೂ ಅಷ್ಟೇ ಸರಿದಿರುವುದರಿಂದ ಒಟ್ಟು ವಿಸ್ತರಣೆ ಸುಮಾರು 2.6 ಸೆಂಟಿಮೀಟರ್. ಕಾರ್ಲ್ಸ್‌ಬರ್ಗ್ ಶ್ರೇಣಿಯೂ ಅಟ್ಲಾಂಟಿಕ್‌ನ ಶ್ರೇಣಿಯೂ ಇದರ ಹತ್ತಿರದ ವೇಗದವು. ಪೂರ್ವ ಪೆಸಿಫಿಕ್‌ನಲ್ಲಿ ಕೆಲವೆಡೆ ವರ್ಷಕ್ಕೆ 15 ಸೆಂಟಿಮೀಟರ್ ಮುಟ್ಟುತ್ತದೆ. ಇದೇ ಲೆಕ್ಕವನ್ನು ತಿರುಗಿಸಿ: 5,000 ಕಿಲೋಮೀಟರ್ ಅಗಲದ ಸಾಗರ ವರ್ಷಕ್ಕೆ 2.5 ಸೆಂಟಿಮೀಟರ್‌ನಂತೆ ತೆರೆದುಕೊಳ್ಳಲು 20 ಕೋಟಿ ವರ್ಷ ಬೇಕು. ಅಟ್ಲಾಂಟಿಕ್‌ನ ವಯಸ್ಸು ಹೆಚ್ಚುಕಡಿಮೆ ಅಷ್ಟೇ.

ಹಳೆಯ ತಳ ಹೋಗುವ ಜಾಗ

ಹೊಸ ನೆಲ ಹುಟ್ಟುತ್ತಲೇ ಇದ್ದರೂ ಭೂಮಿ ದೊಡ್ಡದಾಗುತ್ತಿಲ್ಲ. ಆದ್ದರಿಂದ ಹುಟ್ಟಿದಷ್ಟೇ ನೆಲ ಬೇರೆಲ್ಲಾದರೂ ಇಲ್ಲವಾಗಲೇಬೇಕು. ಆ ಜಾಗಗಳೇ ಸಾಗರ ಕಂದಕಗಳು. ತಣಿದು ಭಾರವಾದ ಸಾಗರ ಫಲಕ ಇನ್ನೊಂದು ಫಲಕದಡಿ ಬಾಗಿ ಮ್ಯಾಂಟಲಿಗೆ ಇಳಿಯುತ್ತದೆ. ಸುಮಾರು 11 ಕಿಲೋಮೀಟರ್ ಆಳದ ಮರಿಯಾನ ಕಂದಕ ಅಂಥದ್ದು. ಇಳಿದದ್ದಕ್ಕೆ ಸಾಕ್ಷಿ ಭೂಕಂಪಗಳೇ. ಕಂದಕದ ಹತ್ತಿರ ಅವು ಮೇಲ್ಮಟ್ಟದಲ್ಲಿ, ಅಲ್ಲಿಂದ ದೂರ ಹೋದಂತೆ ಆಳ ಆಳಕ್ಕೆ, 700 ಕಿಲೋಮೀಟರ್‌ವರೆಗೂ ಓರೆಯಾಗಿ ಇಳಿಯುತ್ತಾ ಹೋಗುತ್ತವೆ. ಜಪಾನಿನ ಕಿಯೂ ವದಾತಿ ಈ ಆಳದ ಭೂಕಂಪಗಳನ್ನು 1920ರ ದಶಕದಲ್ಲಿಯೇ ಗುರುತಿಸಿದ್ದರು. ಇಳಿಯುವ ಫಲಕದೊಂದಿಗೆ ಹೋದ ನೀರು ಮೇಲಿನ ಮ್ಯಾಂಟಲಿಗೆ ಸೇರಿ ಅದರ ಕರಗುವ ಉಷ್ಣತೆಯನ್ನು ತಗ್ಗಿಸುವುದರಿಂದ ಕಂದಕಗಳ ಪಕ್ಕದಲ್ಲಿ ಜ್ವಾಲಾಮುಖಿಗಳ ಸಾಲು ಏಳುತ್ತದೆ. ಜಪಾನ್, ಇಂಡೊನೇಷ್ಯಾ, ಆಂಡೀಸ್‌ನಂತೆ.

ಫಲಕಗಳನ್ನು ಚಲಿಸುವಂತೆ ಮಾಡುವ ಶಕ್ತಿ ಯಾವುದು ಎಂಬ ವೆಗೆನರ್ ಕಾಲದ ಪ್ರಶ್ನೆಗೂ ಉತ್ತರ ಇಲ್ಲಿದೆ. ಮ್ಯಾಂಟಲಿನ ಸಂವಹನ ಪ್ರವಾಹ (ಬಿಸಿ ಶಿಲೆ ಏರಿ, ತಣಿದದ್ದು ಇಳಿಯುವ ಹರಿವು) ಫಲಕಗಳನ್ನು ಹೊತ್ತೊಯ್ಯುತ್ತದೆ ಎಂದಷ್ಟೇ ಪಠ್ಯಗಳು ಹೇಳುತ್ತವೆ. ಅದು ಪೂರ್ತಿ ಚಿತ್ರವಲ್ಲ. ಇಳಿಯುವ ಫಲಕದ ತೂಕವೇ ಉಳಿದ ಫಲಕವನ್ನು ಎಳೆಯುತ್ತದೆ ಎಂಬುದಕ್ಕೆ ಇಂದು ವಿಜ್ಞಾನಿಗಳು ಹೆಚ್ಚು ಮಹತ್ವ ಕೊಡುತ್ತಾರೆ. ತಂತಿಯ ಮೇಲೆ ಒಣಹಾಕಿದ ಒದ್ದೆ ಸೀರೆ ಒಂದು ಬದಿಗೆ ಹೆಚ್ಚು ಇಳಿಬಿದ್ದರೆ, ಆ ಭಾರಕ್ಕೆ ಉಳಿದದ್ದೂ ಜಾರುತ್ತಾ ಹೋಗುವುದನ್ನು ನೀವು ನೋಡಿರುತ್ತೀರಿ. ಇಲ್ಲಿಯೂ ಹಾಗೆಯೇ. ಅಂಚಿನ ಬಹುಭಾಗದಲ್ಲಿ ಕಂದಕಗಳಿರುವ ಪೆಸಿಫಿಕ್ ಫಲಕ ವೇಗವಾಗಿ ಸರಿಯುತ್ತದೆ, ಅಂಥ ಕಂದಕಗಳು ಹೆಚ್ಚಿಲ್ಲದ ಆಫ್ರಿಕ, ಯುರೇಷಿಯ ಫಲಕಗಳು ನಿಧಾನ.

ಕಾಮ್ಚಾಟ್ಕಾದಲ್ಲಿ ಪೆಸಿಫಿಕ್ ಫಲಕ ವರ್ಷಕ್ಕೆ ಸುಮಾರು 8 ಸೆಂಟಿಮೀಟರ್ ಒಳಗಿಳಿಯುತ್ತಿದೆ. ಆದರೆ ಎರಡು ಫಲಕಗಳು ಒತ್ತಿಕೊಂಡಿರುವ ಭಾಗ ನುಣ್ಣಗೆ ಜಾರುವುದಿಲ್ಲ, ಕಚ್ಚಿಕೊಂಡಿರುತ್ತದೆ. ಮೇಲಿನ ಫಲಕದ ಅಂಚು ಬಾಗುತ್ತಾ ಬಾಗುತ್ತಾ ದಶಕಗಳ ಬಿಗಿತವನ್ನು ಕೂಡಿಟ್ಟುಕೊಂಡು, ಒಂದು ದಿನ ಬಿಡಿಸಿಕೊಂಡು ಮೀಟರುಗಟ್ಟಲೆ ಚಿಮ್ಮುತ್ತದೆ. ಅದರೊಂದಿಗೆ ಮೇಲಿದ್ದ ನೀರೂ ಎದ್ದರೆ ಸುನಾಮಿ. 1952ರಲ್ಲಿ ಇದೇ ವಲಯದಲ್ಲಿ 9.0 ತೀವ್ರತೆಯ ಭೂಕಂಪವಾಗಿತ್ತು. 2004ರ ಡಿಸೆಂಬರ್ 26ರಂದು ಸುಮಾತ್ರಾ–ಅಂಡಮಾನ್ ಉದ್ದಕ್ಕೂ ಬಿಡಿಸಿಕೊಂಡದ್ದು ನಮ್ಮ ಭಾರತೀಯ ಫಲಕ ಒಳಗಿಳಿಯುವ ಗಡಿ. ಅಂದು ಗ್ರೇಟ್ ನಿಕೋಬಾರಿನ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ಕುಸಿದು, ಅಲ್ಲಿನ ದೀಪಸ್ತಂಭದ ಬುಡಕ್ಕೆ ಸಮುದ್ರ ಬಂತು.

ಲಾಲ್‌ಬಾಗ್ ಬಂಡೆ ಉಳಿದದ್ದೇಕೆ

0.3ರ ವ್ಯತ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ. ಮ್ಯಾಂಟಲಿನ ಸಾಂದ್ರತೆ ಸುಮಾರು 3.3. ಬಸಾಲ್ಟ್ ಹೊತ್ತ ಸಾಗರ ಫಲಕ ತಣಿದಾಗ ಒಟ್ಟಾರೆ ಮ್ಯಾಂಟಲಿಗಿಂತ ತುಸು ಭಾರವಾಗುತ್ತದೆ, ಮುಳುಗುತ್ತದೆ. ಖಂಡದ ದಪ್ಪ, ಹಗುರ ಕವಚ ಎಷ್ಟು ತಣಿದರೂ ಅಷ್ಟು ಭಾರವಾಗುವುದಿಲ್ಲ. ಹಾಗಾಗಿ ಧಾರವಾಡ ಶಿಲಾಸಮೂಹದ ನಾಡಿನಲ್ಲಿ 300 ಕೋಟಿ ವರ್ಷದ ಕಲ್ಲು ಮೇಲೆಯೇ ಉಳಿದಿದೆ. ಅಷ್ಟೇ ಅವಧಿಯಲ್ಲಿ ಎಷ್ಟೋ ಸಾಗರಗಳು ತೆರೆದು ಮುಚ್ಚಿಹೋಗಿವೆ.

ಮುಚ್ಚಿಹೋದ ಒಂದು ಸಾಗರ ಟೆಥಿಸ್. ಅದರ ತಳ ಏಷ್ಯಾದಡಿ ಇಳಿಯುತ್ತಾ ಭಾರತವನ್ನು ಉತ್ತರಕ್ಕೆ ಎಳೆಯಿತು, ಒಂದು ಕಾಲಕ್ಕೆ ವರ್ಷಕ್ಕೆ 15 ಸೆಂಟಿಮೀಟರಿಗೂ ಹೆಚ್ಚು ವೇಗದಲ್ಲಿ. ಸುಮಾರು 5 ಕೋಟಿ ವರ್ಷಗಳ ಹಿಂದೆ ಟೆಥಿಸ್ ಮುಗಿದು ಖಂಡಕ್ಕೆ ಖಂಡ ತಾಗಿತು. ಎರಡೂ ಹಗುರ, ಎರಡೂ ಮುಳುಗಲೊಲ್ಲವು; ನಡುವಿನ ಶಿಲೆ ಮಡಿಚಿ ಮೇಲೆದ್ದು ಹಿಮಾಲಯವಾಯಿತು. ಎವರೆಸ್ಟಿನ ತುದಿಯಲ್ಲಿರುವುದು ಸಮುದ್ರದಲ್ಲಿ ಕೂಡಿದ ಸುಣ್ಣಕಲ್ಲು. ನಮ್ಮ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ, ನೇಪಾಳದ ಗಂಡಕಿ ನದಿಯಿಂದ ಬಂದ ಸಾಲಿಗ್ರಾಮದೊಳಗಿನ ಚಕ್ರವೂ ಆ ಸಮುದ್ರದಲ್ಲಿ ಈಜಾಡಿದ್ದ ಅಮೊನೈಟ್ ಎಂಬ ಚಿಪ್ಪುಜೀವಿಯ ಅಚ್ಚು. ಟೆಥಿಸ್‌ನ ತಳದ ಚೂರುಗಳು ಮಾತ್ರ ಲಡಾಖಿನಲ್ಲಿ ಸಿಂಧೂ ಕಣಿವೆಯ ಸುತ್ತಮುತ್ತ ನೆಲದ ಮೇಲೆ ಸಿಕ್ಕಿಹಾಕಿಕೊಂಡು ಉಳಿದಿವೆ.

ಭಾರತೀಯ ಫಲಕ ಇನ್ನೂ ನಿಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಜಿಪಿಎಸ್ ಕೇಂದ್ರ ವರ್ಷಕ್ಕೆ 5 ಸೆಂಟಿಮೀಟರ್‌ಗಿಂತ ತುಸು ಹೆಚ್ಚು ಈಶಾನ್ಯಕ್ಕೆ ಸರಿಯುತ್ತಿರುವುದು ಅಳತೆಯಿಂದ ಗೊತ್ತಾಗಿದೆ. ಇಡೀ ಫಲಕ ಒಟ್ಟಿಗೆ ಸರಿಯುವುದರಿಂದ ಬೆಂಗಳೂರಿಗೂ ಮೈಸೂರಿಗೂ ನಡುವಿನ ದೂರ ಬದಲಾಗುವುದಿಲ್ಲ. ಆದರೆ ಉತ್ತರದ ಒತ್ತಡ ಫಲಕದ ಒಡಲಿಗೂ ದಾಟುತ್ತದೆ. ಗಡಿಯಿಂದ ಅಷ್ಟು ದೂರವಿರುವ ಲಾತೂರಿನ ಕಿಲ್ಲಾರಿಯಲ್ಲಿ 1993ರಲ್ಲಿ ಹಳೆಯ ದುರ್ಬಲ ಸ್ತರಭಂಗವೊಂದು (ಶಿಲೆಯೊಳಗಿನ ಬಿರುಕು) ಜಾರಿ ಭೂಕಂಪವಾದದ್ದರ ಹಿನ್ನೆಲೆಯಲ್ಲಿ ಇರುವುದೂ ಈ ಒತ್ತಡವೇ.

ಬಿರಿದ ಗುರುತು ಮಲ್ಪೆಯಲ್ಲಿ, ಬಿರಿಯುತ್ತಿರುವುದು ಅಫಾರಿನಲ್ಲಿ

ಸಾಗರ ಹುಟ್ಟುವುದು ಖಂಡವೊಂದು ಸೀಳುವುದರಿಂದ. ಉಡುಪಿಯ ಮಲ್ಪೆಯಿಂದ ದೋಣಿಯಲ್ಲಿ ಹೋಗಿ ನೋಡುವ ಸೇಂಟ್ ಮೇರೀಸ್ ದ್ವೀಪದಲ್ಲಿ ಐದಾರು ಮುಖದ ಕಲ್ಲುಕಂಬಗಳು ಒತ್ತೊತ್ತಾಗಿ ನಿಂತಿವೆ. ಲಾವಾ ತಣಿದು ಕುಗ್ಗುವಾಗ ಬಿರುಕುಬಿಟ್ಟು ಆದ ಆಕಾರ ಅದು. ಆ ಲಾವಾ ಉಕ್ಕಿದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ. ಮಡಗಾಸ್ಕರ್‌ನಲ್ಲಿಯೂ ಅದೇ ವಯಸ್ಸಿನ ಜ್ವಾಲಾಮುಖಿ ಶಿಲೆಗಳಿವೆ. ಒಂದೇ ನೆಲವಾಗಿದ್ದ ಇವೆರಡರ ನಡುವೆ ಈಗ ಸಾವಿರಾರು ಕಿಲೋಮೀಟರ್ ಸಮುದ್ರವಿದೆ.

ಇದೇ ಕೆಲಸ ಇಂದು ನಡೆಯುತ್ತಿರುವುದನ್ನು ನೋಡಬೇಕಾದರೆ ಇಥಿಯೋಪಿಯದ ಅಫಾರ್ ಪ್ರದೇಶಕ್ಕೆ ಹೋಗಬೇಕು. ಕೆಂಪು ಸಮುದ್ರ, ಏಡನ್ ಕೊಲ್ಲಿ, ಪೂರ್ವ ಆಫ್ರಿಕದ ಸೀಳು ಕಣಿವೆ ಮೂರೂ ಕೂಡುವ ಜಾಗ ಅದು. 2005ರ ಸೆಪ್ಟೆಂಬರಿನಲ್ಲಿ ಅಲ್ಲಿ ಸುಮಾರು 60 ಕಿಲೋಮೀಟರ್ ಉದ್ದಕ್ಕೆ ನೆಲದಡಿ ಶಿಲಾಪಾಕ ನುಗ್ಗಿ, ಕೆಲವೇ ವಾರಗಳಲ್ಲಿ ನೆಲ ಕೆಲವೆಡೆ 8 ಮೀಟರ್‌ನಷ್ಟು ಸರಿಯಿತು. ಸಾಗರ ಮಧ್ಯದ ಶ್ರೇಣಿಯಲ್ಲಿ ಕಿಲೋಮೀಟರುಗಟ್ಟಲೆ ನೀರಿನಡಿ ಆಗುವ ಕ್ರಿಯೆಯನ್ನು ವಿಜ್ಞಾನಿಗಳು ಒಣನೆಲದಲ್ಲಿ ನಿಂತು ಅಳೆದರು. ಅದೇ ಸೀಮೆಯ ಡನಾಕಿಲ್ ತಗ್ಗಿನ ಕೆಲವು ಭಾಗಗಳು ಈಗಾಗಲೇ ಸಮುದ್ರಮಟ್ಟಕ್ಕಿಂತ ನೂರು ಮೀಟರಿಗೂ ಹೆಚ್ಚು ಕೆಳಗಿವೆ. ಹಿಂದೊಮ್ಮೆ ಕೆಂಪು ಸಮುದ್ರ ಅಲ್ಲಿಗೆ ನುಗ್ಗಿ ಆಮೇಲೆ ಆರಿಹೋಗಿತ್ತು. ಅದು ಬಿಟ್ಟುಹೋದ ಉಪ್ಪನ್ನು ಅಫಾರಿನ ಜನ ಇಂದಿಗೂ ಹಲಗೆಗಳಾಗಿ ಕಡಿದು ಒಂಟೆಗಳ ಮೇಲೆ ಸಾಗಿಸುತ್ತಾರೆ. ನೆಲ ಬಿರಿಯುವುದು ಹೀಗೆಯೇ ಮುಂದುವರಿದರೆ ಲಕ್ಷಾಂತರ ವರ್ಷಗಳ ಮೇಲೆ ಆ ನೀರು ಮತ್ತೆ ಬರಲಿದೆ. ಸದ್ಯಕ್ಕೆ ಅದನ್ನು ತಡೆದಿರುವುದು ಕೆಂಪು ಸಮುದ್ರದ ಅಂಚಿನಲ್ಲಿರುವ ಎತ್ತರದ ನೆಲ.